ಬಿಕ್ಕಳಿಕೆ ಬಂದರೆ ಯಾರು ನೆನೆಸಿಕೊಂಡರು?

ನಮ್ಮ ಅಜ್ಜಿ ಬಿಕ್ಕಳಿಕೆ ಬಂದರೆ ನೀರಿನ ಚೊಂಬಿಗೆ ಕೈ ಹಾಕುವ ಮೊದಲು ಹೆಸರುಗಳನ್ನು ಹೇಳಲು ಶುರು ಮಾಡುತ್ತಿದ್ದಳು. ಹಾಸನದ ತಂಗಿಯಾ? ಬೆಂಗಳೂರಿನ ಮಗನಾ? ಯಾವ ಹೆಸರಿಗೆ ಬಿಕ್ಕಳಿಕೆ ನಿಲ್ಲುತ್ತದೋ ಅವರು ನೆನೆಸಿಕೊಂಡರು ಅಂತ ಲೆಕ್ಕ. ನಿಲ್ಲದಿದ್ದರೆ ಪಟ್ಟಿ ಉದ್ದ ಆಗುತ್ತಾ ಹೋಗುತ್ತಿತ್ತು. ನೆಂಟರು ಮುಗಿದು, ನೆರೆಯವರು ಮುಗಿದು, ಕೊನೆಗೆ ಸಾಲ ಕೊಟ್ಟವನ ಹೆಸರಿಗೆ ಬಿಕ್ಕಳಿಕೆ ನಿಂತರೆ ಮುಖ ಸಪ್ಪಗಾಗುತ್ತಿತ್ತು.

2008ರ ಗೌರಿ ಹಬ್ಬ ಕಳೆದ ವಾರ ನನಗೂ ಅಂಥದ್ದೊಂದು ಬಿಕ್ಕಳಿಕೆ ಬಂತು. ಹೆಸರಿನ ಸಮೇತ ಬಂತು ಅನ್ನೋದೇ ವಿಶೇಷ.

ಆಗ ನಾನು ಬ್ಲಾಗ್ ಬರೆಯುತ್ತಿದ್ದೆ. ಗೆಳೆಯನೊಬ್ಬನ ಸರ್ವರ್‌ನ ಮೂಲೆಯಲ್ಲಿ ಒಂದಿಷ್ಟು ಜಾಗ ಸಿಕ್ಕಿತ್ತು. ಹಬ್ಬದ ಹೊತ್ತಿಗೆ ಅಜ್ಜಿಯ ಮೊರದ ಬಗ್ಗೆ ಒಂದು ಪುಟ್ಟ ಬರಹ ಹಾಕಿದ್ದೆ. ಅಕ್ಕಿ ಕೇರುವಾಗ ಅವಳ ಕೈ ಹೇಗೆ ಆಡುತ್ತಿತ್ತು, ಹೊಟ್ಟು ಹೇಗೆ ಮುಂದೆ ಹಾರುತ್ತಿತ್ತು, ಕಲ್ಲು ಹೇಗೆ ಹಿಂದೆ ಉಳಿಯುತ್ತಿತ್ತು, ಇಷ್ಟೇ. ಓದಿದವರು ಹತ್ತೋ ಹನ್ನೆರಡೋ ಜನ ಇರಬೇಕು. ನಾಲ್ಕು ದಿನ ಬಿಟ್ಟು ಮೇಲ್ ತೆಗೆದರೆ ಒಂದು ಸೂಚನೆ ಕೂತಿತ್ತು: ನಿಮ್ಮ ಬರಹಕ್ಕೆ ಹೊಸ ಟ್ರ್ಯಾಕ್‌ಬ್ಯಾಕ್ ಬಂದಿದೆ. ಅದರ ಕೆಳಗೆ ಯಾವುದೋ ಬ್ಲಾಗಿನ ಹೆಸರು, ಬರಹದ ತಲೆಬರಹ, ಎರಡು ಸಾಲು, ಒಂದು ಕೊಂಡಿ. ಗದಗಿನ ಕಡೆಯ ಹೆಣ್ಣುಮಗಳೊಬ್ಬರು ನನ್ನ ಮೊರ ಓದಿ, ತಮ್ಮ ಮನೆಯ ಮೊರದ ಬಗ್ಗೆ ತಮ್ಮದೇ ಬ್ಲಾಗಿನಲ್ಲಿ ಬರೆದಿದ್ದರು. ಅವರ ಬ್ಲಾಗ್ ಬಂದು ನನ್ನ ಬ್ಲಾಗಿಗೆ ಆ ಸುದ್ದಿ ಮುಟ್ಟಿಸಿತ್ತು.

ನೆನೆಸಿಕೊಂಡವರು ಯಾರು ಅಂತ ನಾನು ಊಹೆ ಮಾಡಬೇಕಿರಲಿಲ್ಲ.

ಈಗಿನವರಿಗೆ ಇದರಲ್ಲಿ ಏನು ದೊಡ್ಡದು ಅನ್ನಿಸಬಹುದು. ಫೋನ್ ದಿನಕ್ಕೆ ನೂರು ಸಲ ಟಿಣ್ ಅನ್ನುತ್ತದೆ, ಅಲ್ವಾ? ಆದರೆ ವೆಬ್‌ನ ಕಟ್ಟಡದಲ್ಲೇ ಇಂಥ ಸುದ್ದಿ ಮುಟ್ಟಿಸುವ ದಾರಿ ಇಲ್ಲ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಸರ್ನ್ ಎಂಬ ಯುರೋಪಿನ ಭೌತವಿಜ್ಞಾನ ಸಂಸ್ಥೆಯಲ್ಲಿ ಕೂತು ಇದರ ಮೊದಲ ಪ್ರಸ್ತಾವ ಬರೆದರಲ್ಲ, ಅದರಿಂದ ಬೆಳೆದ ವೆಬ್‌ನಲ್ಲಿ ಕೊಂಡಿ ಒಂದೇ ಕಡೆಗೆ ಹೋಗುತ್ತದೆ. ನಾನು ನಿಮ್ಮ ಪುಟಕ್ಕೆ ಕೊಂಡಿ ಹಾಕಿದರೆ ನನ್ನ ಪುಟಕ್ಕೆ ಅದು ಗೊತ್ತು, ನಿಮ್ಮ ಪುಟಕ್ಕೆ ಗೊತ್ತಿಲ್ಲ. ಟೆಡ್ ನೆಲ್ಸನ್ ಅನ್ನುವವರು 1960ರಿಂದಲೇ ಝನಾಡು ಎಂಬ ವ್ಯವಸ್ಥೆಯ ಕನಸು ಕಾಣುತ್ತಿದ್ದರು. ಕೊಂಡಿಗಳಿಂದ ಹೆಣೆದ ಬರಹಕ್ಕೆ ಹೈಪರ್‌ಟೆಕ್ಸ್ಟ್ ಎಂಬ ಪದ ಹುಟ್ಟಿಸಿದ್ದೂ ಅವರೇ. ಅವರ ಕನಸಿನಲ್ಲಿ ಪ್ರತಿ ಕೊಂಡಿಗೂ ಎರಡು ತುದಿ, ಎರಡು ಕಡೆಯಿಂದಲೂ ಕಾಣಬೇಕು. ವೆಬ್ ಅದನ್ನು ಕೈಬಿಟ್ಟಿತು. ಕೈಬಿಟ್ಟಿದ್ದಕ್ಕೇ ಇಷ್ಟು ಬೇಗ ಬೆಳೆಯಿತು ಅಂತಲೂ ಹೇಳಬೇಕು. ಯಾರನ್ನೂ ಕೇಳದೆ, ಯಾರ ಒಪ್ಪಿಗೆಗೂ ಕಾಯದೆ ಯಾರು ಬೇಕಾದರೂ ಯಾರಿಗೆ ಬೇಕಾದರೂ ಕೊಂಡಿ ಹಾಕಬಹುದಾಯಿತು. ಹಾಕಿದ ಕೊಂಡಿ ಸತ್ತು ಹೋದರೂ ಕೇಳುವವರಿಲ್ಲ, ಅದು ಬೇರೆ ಮಾತು.

ಹಾಗಾಗಿ ಮೊದಮೊದಲ ಬ್ಲಾಗಿಗರು ತಮ್ಮನ್ನು ಯಾರು ನೆನೆಸಿಕೊಂಡರು ಅಂತ ತಿಳಿಯಲು ಸರ್ವರ್‌ನ ದಾಖಲೆ ಕೆದಕುತ್ತಿದ್ದರು. ಯಾರಾದರೂ ಒಂದು ಪುಟದ ಕೊಂಡಿ ಒತ್ತಿ ನಿಮ್ಮಲ್ಲಿಗೆ ಬಂದರೆ, ಯಾವ ಪುಟದಿಂದ ಬಂದೆ ಅಂತ ಅವರ ಬ್ರೌಸರ್ ಹೇಳಿಕೊಳ್ಳುತ್ತಿತ್ತು. ಆ ಸಾಲಿನ ಹೆಸರು ರೆಫರರ್. ಆ ಪದದ ಕಾಗುಣಿತವೇ ತಪ್ಪು. ಇಂಗ್ಲಿಷಿನಲ್ಲಿ ಒಂದು 'ಆರ್' ಬಿಟ್ಟುಹೋಗಿದೆ. ಅದೇ ತಪ್ಪಿನ ಜೊತೆ ನಿಯಮದ ಪುಸ್ತಕ ಸೇರಿತು, ಇವತ್ತಿಗೂ ಹಾಗೇ ಇದೆ. ನಮ್ಮ ಮೇಷ್ಟರು ನೋಡಿದ್ದರೆ ಹತ್ತು ಸಲ ಬರೆಸುತ್ತಿದ್ದರು. ಅದಿರಲಿ, ಈ ದಾರಿಯಲ್ಲಿ ಒಂದು ಕೊರತೆ ಇತ್ತು. ಯಾರಾದರೂ ಕೊಂಡಿ ಒತ್ತಿ ಬಂದರೆ ಮಾತ್ರ ಗೊತ್ತಾಗುತ್ತಿತ್ತು. ನಿಮ್ಮ ಬಗ್ಗೆ ಬರೆದ ಬ್ಲಾಗನ್ನು ಯಾರೂ ಓದದಿದ್ದರೆ ನಿಮಗೂ ಸುದ್ದಿ ಇಲ್ಲ.

ಬೆನ್ ಟ್ರಾಟ್ ಮತ್ತು ಮೀನಾ ಟ್ರಾಟ್ ಅಂತ ಕ್ಯಾಲಿಫೋರ್ನಿಯಾದ ಗಂಡ ಹೆಂಡತಿ. ಇಬ್ಬರ ಹುಟ್ಟುಹಬ್ಬದ ನಡುವೆ ಆರು ದಿನದ ಅಂತರ. ಅದಕ್ಕೇ ಕಂಪನಿಗೆ ಸಿಕ್ಸ್ ಅಪಾರ್ಟ್ ಅಂತ ಹೆಸರಿಟ್ಟರು. 2001ರ ಅಕ್ಟೋಬರ್‌ನಲ್ಲಿ ಮೂವಬಲ್ ಟೈಪ್ ಎಂಬ ಬ್ಲಾಗ್ ತಂತ್ರಾಂಶ ಹೊರತಂದರು. ಮೀನಾ ತಾನೇ ಬ್ಲಾಗ್ ಬರೆಯುತ್ತಿದ್ದಾಕೆ, ಬೆನ್ ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವನು. 2002ರ ಆಗಸ್ಟ್‌ನಲ್ಲಿ ಬಂದ 2.2ನೇ ಆವೃತ್ತಿಯಲ್ಲಿ ಟ್ರ್ಯಾಕ್‌ಬ್ಯಾಕ್ ಇತ್ತು. ಅದರ ನಿಯಮವನ್ನೂ ಬಚ್ಚಿಡದೆ ಎಲ್ಲರಿಗೂ ಕೊಟ್ಟರು. ಬೇರೆ ತಂತ್ರಾಂಶದವರೂ ಅದನ್ನು ಅಳವಡಿಸಿಕೊಂಡರು.

ಕೆಲಸ ಮಾಡುವ ಬಗೆ ತುಂಬ ಸರಳ. ಪ್ರತಿ ಬರಹಕ್ಕೂ ಓದುವ ವಿಳಾಸ ಒಂದಿರುತ್ತದಲ್ಲ, ಅದರ ಜೊತೆಗೆ ಇನ್ನೊಂದು ವಿಳಾಸ. ಇದು ಓದಲು ಅಲ್ಲ, ಸುದ್ದಿ ಮುಟ್ಟಿಸಲು. ಹಿತ್ತಿಲ ಬಾಗಿಲು ಅನ್ನಿ. ನಾನು ನಿಮ್ಮ ಬರಹದ ಬಗ್ಗೆ ಬರೆದರೆ ಆ ವಿಳಾಸ ತಂದು ನನ್ನ ಬ್ಲಾಗಿನ ಒಂದು ಪೆಟ್ಟಿಗೆಯಲ್ಲಿ ಅಂಟಿಸುತ್ತಿದ್ದೆ. ಪ್ರಕಟಿಸು ಅಂತ ಒತ್ತಿದ ಕೂಡಲೇ ನನ್ನ ತಂತ್ರಾಂಶ ನಿಮ್ಮ ಹಿತ್ತಿಲ ಬಾಗಿಲಿಗೆ ಹೋಗಿ ನಾಲ್ಕು ಸಂಗತಿ ಹೇಳುತ್ತಿತ್ತು. ಬರಹದ ಹೆಸರು, ಅದರ ಒಂದು ತುಣುಕು, ಬರಹ ಇರುವ ವಿಳಾಸ, ಬ್ಲಾಗಿನ ಹೆಸರು. ವಿಳಾಸ ಒಂದು ಬಿಟ್ಟು ಮಿಕ್ಕ ಮೂರು ಇಲ್ಲದಿದ್ದರೂ ನಡೆಯುತ್ತಿತ್ತು. ನಿಮ್ಮ ಕಡೆಯಿಂದ ಬರುವ ಉತ್ತರ ಒಂದೇ ಅಂಕಿ. ಸೊನ್ನೆ ಬಂದರೆ ಸುದ್ದಿ ಮುಟ್ಟಿದೆ ಅಂತ. ಒಂದು ಬಂದರೆ ಎಲ್ಲೋ ಎಡವಟ್ಟಾಗಿದೆ ಅಂತ. ಸೊನ್ನೆ ಬಂದರೆ ಖುಷಿಪಡಬೇಕಾದ ಪರೀಕ್ಷೆ ನನ್ನ ಜೀವನದಲ್ಲಿ ಅದೊಂದೇ.

ವಿಳಾಸ ಹುಡುಕಿ ಅಂಟಿಸುವ ರಗಳೆ ಬೇಡ ಅನ್ನುವವರಿಗಾಗಿ ಪುಟದ ಒಳಗೇ, ಓದುವವರ ಕಣ್ಣಿಗೆ ಬೀಳದ ಹಾಗೆ, ಆ ವಿಳಾಸವನ್ನು ಹುದುಗಿಸಿಡುವ ಏರ್ಪಾಡೂ ಇತ್ತು. ಆದರೂ ನಾವು ಕೈಯಲ್ಲೇ ಅಂಟಿಸುತ್ತಿದ್ದೆವು. ಅದರಲ್ಲೊಂದು ಗತ್ತಿತ್ತು ಅಂತ ಈಗ ಅನ್ನಿಸುತ್ತದೆ. ಲಗ್ನಪತ್ರಿಕೆಯನ್ನು ಪೋಸ್ಟಿಗೆ ಹಾಕುವುದಕ್ಕೂ ಮನೆಗೆ ಹೋಗಿ ಕೊಟ್ಟು ಬರುವುದಕ್ಕೂ ಇರುವ ವ್ಯತ್ಯಾಸ.

ಕನ್ನಡದಲ್ಲಿ ಬರೆಯುವವರಿಗೆ ಇದರಲ್ಲಿ ಬೇರೆಯೇ ಫಜೀತಿಗಳು ಇದ್ದವು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದವರು ಬರೆದ ಟ್ರ್ಯಾಕ್‌ಬ್ಯಾಕ್ ಕತೆಗಳಲ್ಲಿ ಇದು ಇರೋದಿಲ್ಲ.

ಮೊರದ ಬರಹಕ್ಕೆ ಬಂದ ಎರಡನೇ ಟ್ರ್ಯಾಕ್‌ಬ್ಯಾಕ್ ತೆರೆದರೆ ನನಗೆ ಕಂಡದ್ದು ಬರೀ ಕಸ. ಇಂಗ್ಲಿಷಿನ ಸಣ್ಣ 'ಎ', ಅದರ ತಲೆ ಮೇಲೊಂದು ಓರೆ ಗೀರು, ಪಕ್ಕದಲ್ಲಿ ಮೇಲಕ್ಕೆತ್ತಿದ ಪುಟಾಣಿ 2. ಮತ್ತೆ ಅದೇ 'ಎ', ಅದೇ ಗೀರು, ಈ ಸಲ 3. ಇದೇ ಸಾಲುಗಟ್ಟಲೆ. ಹಳೇ ಕನ್ನಡ ಬ್ಲಾಗಿಗರಿಗೆ ಈ ಸೈನ್ಯದ ಪರಿಚಯ ಇದ್ದೇ ಇರುತ್ತದೆ. ಯಾಕೆ ಹೀಗೆ ಅಂತ ಆಮೇಲೆ ತಿಳಿಯಿತು. ಕಂಪ್ಯೂಟರ್ ಅಕ್ಷರಗಳನ್ನು ಬೈಟ್ ಎಂಬ ಪುಟ್ಟ ಅಂಕಿಗಳಾಗಿ ಬರೆದಿಡುತ್ತದೆ. ಹಾಗೆ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಆ ಮೂರರಲ್ಲಿ ಮೊದಲನೆಯದು ಕನ್ನಡದ ಎಲ್ಲ ಚಿಹ್ನೆಗಳಿಗೂ ಒಂದೇ. ಎರಡನೆಯದು ಎರಡರಲ್ಲಿ ಒಂದು. ಇದು ಕನ್ನಡ ಅಂತ ಗೊತ್ತಿಲ್ಲದ ತಂತ್ರಾಂಶ ಅದನ್ನು ಯುರೋಪಿನ ಹಳೇ ಅಕ್ಷರಪಟ್ಟಿಯಲ್ಲಿ ಹುಡುಕಿದರೆ ಮೊದಲ ಬೈಟ್ ಗೀರು ಹೊತ್ತ 'ಎ' ಆಗುತ್ತದೆ, ಎರಡನೆಯದು 2 ಅಥವಾ 3. ಕ, ಗ, ಮ, ರ ಬಂದರೆ 2. ಕೊಂಬು ಬಂದರೆ, ಒತ್ತು ಬಂದರೆ 3. ನಾನು ಕೊನೆಕೊನೆಗೆ ಆ ಕಸ ನೋಡಿಯೇ ಇಲ್ಲಿ ಒತ್ತಕ್ಷರ ಇರಬೇಕು ಅಂತ ಹೇಳುವ ಮಟ್ಟ ಮುಟ್ಟಿದ್ದೆ. ಯಾವ ಕೆಲಸಕ್ಕೂ ಬಾರದ ವಿದ್ಯೆ.

ಕಳಿಸುವ ತಂತ್ರಾಂಶ ತಾನು ಯಾವ ಪದ್ಧತಿಯಲ್ಲಿ ಬರೆದಿದ್ದೇನೆ ಅಂತ ಹೇಳಬೇಕಿತ್ತು. ಹೇಳುವ ಅವಕಾಶ ನಿಯಮದಲ್ಲೇ ಇತ್ತು. ಎಷ್ಟೋ ತಂತ್ರಾಂಶಗಳು ಹೇಳುತ್ತಿರಲಿಲ್ಲ, ಅಷ್ಟೇ.

ಇನ್ನು ತುಣುಕಿನ ಉದ್ದ. ನನ್ನ ಬ್ಲಾಗ್ ನಡೆಸುತ್ತಿದ್ದ ತಂತ್ರಾಂಶ ತುಣುಕು ಉದ್ದವಾಗಿದ್ದರೆ 252 ಬೈಟಿಗೆ ಕತ್ತರಿಸಿ ಚುಕ್ಕಿ ಇಡುತ್ತಿತ್ತು. ಇಂಗ್ಲಿಷಿನವರಿಗೆ 252 ಬೈಟ್ ಅಂದರೆ 252 ಅಕ್ಷರ. ಒಳ್ಳೇ ನಾಲ್ಕು ವಾಕ್ಯ ಹಿಡಿಯುತ್ತದೆ. ನಮಗೆ ಅದು 84 ಚಿಹ್ನೆ. ಅದರಲ್ಲೂ 'ಕ್ಷ' ಅನ್ನುವ ಒಂದು ಅಕ್ಷರ ಮೂರು ಚಿಹ್ನೆ, ಒಂಬತ್ತು ಬೈಟ್ ತಿನ್ನುತ್ತದೆ. ಲಕ್ಷ್ಮೀ ಎಂದು ಶುರು ಮಾಡಿದರೆ ಅಲ್ಲೇ ಇಪ್ಪತ್ತೊಂದು ಬೈಟ್ ಖಾಲಿ. ಕತ್ತರಿ ಅಕ್ಷರದ ಅಂಚು ನೋಡಿ ಬೀಳುತ್ತಿರಲಿಲ್ಲ, ಬೈಟ್ ಎಣಿಸಿ ಬೀಳುತ್ತಿತ್ತು. ಅದಕ್ಕೇ ಎಷ್ಟೋ ತುಣುಕುಗಳ ಕೊನೆಯಲ್ಲಿ ಒಳಗೆ ಪ್ರಶ್ನೆ ಗುರುತು ಇರುವ ಒಂದು ಕಪ್ಪು ವಜ್ರ ಕೂತಿರುತ್ತಿತ್ತು. ತುಂಡಾದ ಅಕ್ಷರದ ಹೆಣ ಅದು.

ವಿಳಾಸದ ಪಾಡಂತೂ ಕೇಳಲೇಬೇಡಿ. ಬರಹದ ತಲೆಬರಹ ಕನ್ನಡದಲ್ಲಿದ್ದು ಅದೇ ವಿಳಾಸವೂ ಆದರೆ, ಒಂದೊಂದು ಚಿಹ್ನೆ ಶೇಕಡಾ ಗುರುತು ಸೇರಿ ಒಂಬತ್ತು ಅಕ್ಷರವಾಗಿ ಬಿಚ್ಚಿಕೊಳ್ಳುತ್ತಿತ್ತು. 'ಕನ್ನಡ' ಅನ್ನುವ ಪದವೊಂದೇ 45 ಅಕ್ಷರ. ಅದನ್ನು ಮೇಲ್‌ನಲ್ಲಿ ಕಳಿಸಿದರೆ ಸಾಲು ಮುರಿದು, ಅರ್ಧ ಮಾತ್ರ ಕೊಂಡಿಯಾಗಿ, ಒತ್ತಿದವರು ಎಲ್ಲೋ ಹೋಗಿ ಬೀಳುತ್ತಿದ್ದರು. ನಾವೆಲ್ಲ ಕನ್ನಡ ಬರಹಗಳಿಗೆ ಇಂಗ್ಲಿಷಿನಲ್ಲಿ 'ಅಜ್ಜಿ-ಮೊರ' ಅಂತ ವಿಳಾಸ ಇಟ್ಟುಕೊಳ್ಳುತ್ತಿದ್ದದ್ದು ಇದೇ ಕಾರಣಕ್ಕೆ. ಭಾಷಾಭಿಮಾನ ಕಮ್ಮಿಯಾಗಿ ಅಲ್ಲ.

ಇಷ್ಟೆಲ್ಲ ಕಸ ಬಿಡಿಸಿದ ಮೇಲೆ ಆ ಎರಡನೇ ಟ್ರ್ಯಾಕ್‌ಬ್ಯಾಕ್ ಕರಾವಳಿಯವರದ್ದು ಅಂತ ಗೊತ್ತಾಯಿತು. ಕೊಲ್ಲಿ ದೇಶದಲ್ಲಿ ಕೆಲಸದಲ್ಲಿದ್ದರು. ತುಳುವಿನಲ್ಲಿ ಮೊರಕ್ಕೆ ತಡ್ಪೆ ಅನ್ನುತ್ತಾರೆ ಅಂತ ಶುರು ಮಾಡಿ, ಬುಟ್ಟಿ ಮೊರ ಹೆಣೆದು ಮನೆ ಮನೆಗೆ ಹೊತ್ತು ತರುತ್ತಿದ್ದ ಒಬ್ಬ ಅಜ್ಜಿಯನ್ನು ನೆನೆಸಿಕೊಂಡಿದ್ದರು. ಆಕೆಯನ್ನು ಅಂಗಳದಿಂದ ಮೇಲೆ ಬಿಟ್ಟುಕೊಳ್ಳುತ್ತಿರಲಿಲ್ಲ, ಆಕೆ ಹೆಣೆದ ತಡ್ಪೆ ಮಾತ್ರ ದೇವರ ಕೋಣೆವರೆಗೂ ಹೋಗುತ್ತಿತ್ತು ಅಂತ ಬರೆದಿದ್ದರು. ನನ್ನ ಬರಹದಲ್ಲಿ ಮೊರ ಹೆಣೆದವರು ಯಾರು ಅನ್ನೋ ಪ್ರಶ್ನೆಯೇ ಇರಲಿಲ್ಲ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಮೂರನೆಯದು ಶಿರಸಿ ಕಡೆಯದು. ಅಲ್ಲಿ ಅದು ಗೆರಸಿ. ಅಡಿಕೆ ಆರಿಸುವ ದಿನಗಳ ಕತೆ. ನಾಲ್ಕನೆಯವರು ಗೌರಿ ಹಬ್ಬದ ಬಾಗಿನದ ಬಗ್ಗೆ ಬರೆದರು. ಮರದ ಬಾಗಿನ ಅಂತ ಎಲ್ಲರೂ ಹೇಳುತ್ತೇವಲ್ಲ, ಅದು ಕಟ್ಟಿಗೆಯ ಮರ ಅಲ್ಲ, ಮೊರ ಅಂತ ತಮಗೆ ಮದುವೆಯಾಗುವವರೆಗೂ ಗೊತ್ತಿರಲಿಲ್ಲವಂತೆ. ಹೊಸ ಮೊರಕ್ಕೆ ಅರಿಶಿನ ಬಳಿದು, ಅದರಲ್ಲಿ ಧಾನ್ಯ, ಬೆಲ್ಲದ ಅಚ್ಚು, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ ಇಟ್ಟು, ಮೇಲೊಂದು ಮೊರ ಮುಚ್ಚಿ ಕೊಡುವುದು. ಒಂದರ ಮೇಲೊಂದು ಮೊರ ಯಾಕೆ ಮುಚ್ಚುತ್ತಾರೆ ಅಂತ ಅವರ ಪ್ರಶ್ನೆ. ಅದಕ್ಕೆ ಉತ್ತರ ಹೇಳಲು ಗದಗಿನವರು ಮತ್ತೊಂದು ಬರಹ ಬರೆದರು. ಹೀಗೆ ಐದಾರು ವಾರ ನಡೆಯಿತು.

ಗಮನಿಸಿ, ಯಾರೂ ನನ್ನ ಜಗಲಿಗೆ ಬಂದು ಮಾತಾಡಲಿಲ್ಲ. ಪ್ರತಿಯೊಬ್ಬರೂ ಅವರವರ ಮನೆಯಲ್ಲಿ ಕೂತು, ಅವರವರ ಓದುಗರ ಮುಂದೆ, ಬೇಕಾದಷ್ಟು ಉದ್ದಕ್ಕೆ ಬರೆದರು. ಬರೆದ ಮೇಲೆ ನನಗೊಂದು ಮಾತು ಮುಟ್ಟಿಸಿದರು. ಇದು ನನಗೆ ತುಂಬ ಇಷ್ಟವಾದ ರೀತಿ. ಬೇರೆಯವರ ಮನೆಯಲ್ಲಿ ಕೂತಾಗ ಮನುಷ್ಯ ಒಂದೋ ಜಾಸ್ತಿ ಹೊಗಳುತ್ತಾನೆ, ಇಲ್ಲವೇ ಜಗಳ ತೆಗೆಯುತ್ತಾನೆ. ತನ್ನ ಮನೆಯಲ್ಲಿ ಕೂತು ಬರೆಯುವಾಗ ಯೋಚನೆ ಮಾಡುತ್ತಾನೆ. ತನ್ನ ಹೆಸರಿನ ಕೆಳಗೆ ಅದು ಉಳಿಯುತ್ತದಲ್ಲ! ತಡ್ಪೆಯ ಬರಹ ನನ್ನ ಪುಟದ ಕೆಳಗೆ ಎರಡು ಸಾಲಿನ ಆಕ್ಷೇಪವಾಗಿ ಬಂದಿದ್ದರೆ ನಾನು ಸಮರ್ಥನೆಗೆ ಇಳಿಯುತ್ತಿದ್ದೆ. ಎಂಟು ಪ್ಯಾರಾಗಳ ಬರಹವಾಗಿ ಬಂದದ್ದರಿಂದ ಬಾಯಿ ಮುಚ್ಚಿಕೊಂಡು ಓದಿದೆ.

ಆಮೇಲೆ ಮುಯ್ಯಿಯ ಕತೆ ಶುರುವಾಯಿತು.

ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆಯಲು ಒಬ್ಬರನ್ನು ಕೂರಿಸುತ್ತಾರೆ. ಯಾರು ಎಷ್ಟು ಕೊಟ್ಟರು ಅಂತ ಪುಸ್ತಕದಲ್ಲಿ ಏರಿಸುವುದು ಅವರ ಕೆಲಸ. ನಾಳೆ ಅವರ ಮನೆಯ ಮದುವೆಗೆ ಅಷ್ಟನ್ನೋ ಅದಕ್ಕಿಂತ ಒಂದು ಕೈ ಮೇಲೋ ತಿರುಗಿಸಬೇಕು. ಟ್ರ್ಯಾಕ್‌ಬ್ಯಾಕ್ ಕೂಡ ಒಂದು ಥರ ಮುಯ್ಯಿಯೇ. ನಾನು ನಿಮ್ಮ ಪುಟಕ್ಕೆ ಕೊಂಡಿ ಕೊಟ್ಟೆ, ಅದಕ್ಕೆ ನಿಮ್ಮ ಪುಟದ ಕೆಳಗೆ ನನ್ನ ಹೆಸರೂ ಕೊಂಡಿಯೂ ಬಂತು. ತೊಂದರೆ ಏನೆಂದರೆ ಈ ಮುಯ್ಯಿ ಪುಸ್ತಕಕ್ಕೆ ಕಾವಲು ಇರಲಿಲ್ಲ. ಯಾರು ಬೇಕಾದರೂ ಬಂದು ನಾನೂ ಮುಯ್ಯಿ ಕೊಟ್ಟಿದ್ದೇನೆ, ನನ್ನ ಹೆಸರು ಬರೆದುಕೊಳ್ಳಿ ಅನ್ನಬಹುದಿತ್ತು. ಕೊಟ್ಟಿದ್ದಾರೋ ಇಲ್ಲವೋ ಅಂತ ಟ್ರ್ಯಾಕ್‌ಬ್ಯಾಕ್ ಹೋಗಿ ನೋಡುತ್ತಲೇ ಇರಲಿಲ್ಲ. ಅವರ ಪುಟದಲ್ಲಿ ನಿಮ್ಮ ಕೊಂಡಿ ಇರಲೇಬೇಕು ಅನ್ನುವ ನಿಯಮವೇ ಇರಲಿಲ್ಲ.

ಅಷ್ಟು ಹೊತ್ತಿಗೆ ಗೂಗಲ್ ಬಂದು ಕೊಂಡಿಗಳಿಗೆ ಬೆಲೆ ಕಟ್ಟಿತ್ತು. ಒಂದು ಪುಟಕ್ಕೆ ಎಷ್ಟು ಕೊಂಡಿಗಳು, ಯಾರ ಕಡೆಯಿಂದ ಬಂದಿವೆ ಅನ್ನೋದರ ಮೇಲೆ ಹುಡುಕಾಟದಲ್ಲಿ ಅದು ಮೇಲೆ ಬರುತ್ತಿತ್ತು. ಹೀಗಾಗಿ ಬಡಪಾಯಿ ಬ್ಲಾಗಿನ ಕೆಳಗೊಂದು ಕೊಂಡಿ ಅಂದರೂ ದುಡ್ಡಿನ ಮಾತಾಯಿತು. ಜೂಜಿನವರು ಬಂದರು, ಗುಳಿಗೆ ಮಾರುವವರು ಬಂದರು, ಮನೆ ಸಾಲದವರು ಬಂದರು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಜ್ಜಿಯ ಮೊರದ ಕೆಳಗೆ ನಾನೂರು ಚಿಲ್ಲರೆ ಟ್ರ್ಯಾಕ್‌ಬ್ಯಾಕ್‌ಗಳು. ಒಂದರಲ್ಲೂ ಮೊರ ಇಲ್ಲ. ಅಜ್ಜಿಯ ಭಾಷೆಯಲ್ಲಿ ಹೇಳೋದಾದರೆ ಬಿಕ್ಕಳಿಕೆ ನಿಲ್ಲುತ್ತಲೇ ಇಲ್ಲ, ಕರೆಯುವ ಹೆಸರೆಲ್ಲ ಸಾಲ ಕೊಟ್ಟವರದ್ದೇ.

ದೊಡ್ಡವರು ಇದಕ್ಕೆ ಮೊದಲೇ ಮದ್ದು ಹುಡುಕಿದ್ದರು. 2005ರ ಜನವರಿಯಲ್ಲಿ ಹುಡುಕಾಟದ ಸೇವೆ ನಡೆಸುತ್ತಿದ್ದ ಗೂಗಲ್, ಯಾಹೂ, ಮೈಕ್ರೋಸಾಫ್ಟ್‌ನ ಎಂಎಸ್ಎನ್ ಮೂವರೂ ಸೇರಿ, ಕೊಂಡಿಗೆ ನೋಫಾಲೋ ಎಂಬ ಗುರುತು ಹಾಕಿದರೆ ಅದಕ್ಕೆ ಬೆಲೆ ಕೊಡುವುದಿಲ್ಲ ಅಂತ ಒಪ್ಪಿಕೊಂಡರು. ಅದೇ ವರ್ಷ ವರ್ಡ್‌ಪ್ರೆಸ್ ಎಂಬ ಬ್ಲಾಗ್ ತಂತ್ರಾಂಶದ ಮ್ಯಾಟ್ ಮುಲನ್‌ವೆಗ್ ಅಕಿಸ್ಮೆಟ್ ಎಂಬ ಸೋಸುವ ಸೇವೆ ಶುರು ಮಾಡಿದರು. ಕೇರುವ ಕೆಲಸ ಅದು ಚೆನ್ನಾಗೇ ಮಾಡುತ್ತಿತ್ತು. ಆದರೆ ಹೊಟ್ಟಿನ ಜೊತೆ ಒಮ್ಮೊಮ್ಮೆ ಕಾಳೂ ಹಾರುತ್ತಿತ್ತು. ಅರ್ಥವಾಗದ ಲಿಪಿ, ಉದ್ದನೆಯ ಶೇಕಡಾ ಗುರುತುಗಳ ವಿಳಾಸ, ಇವೆಲ್ಲ ಯಂತ್ರದ ಕಣ್ಣಿಗೆ ಹೇಗೆ ಕಾಣುತ್ತಿದ್ದವೋ ಏನೋ. ನನ್ನ ಕಸದ ಬುಟ್ಟಿ ಕೆದಕಿದಾಗಲೆಲ್ಲ ಒಂದೆರಡು ಒಳ್ಳೆಯ ಕನ್ನಡ ಟ್ರ್ಯಾಕ್‌ಬ್ಯಾಕ್ ಸಿಗುತ್ತಿದ್ದವು.

ಇದಕ್ಕೆ ಬೇರೆ ದಾರಿ ಮೊದಲೇ ಇತ್ತು. ಟ್ರ್ಯಾಕ್‌ಬ್ಯಾಕ್ ಹುಟ್ಟಿದ ವರ್ಷವೇ ಸ್ಟುವರ್ಟ್ ಲಾಂಗ್ರಿಜ್ ಮತ್ತು ಇಯಾನ್ ಹಿಕ್ಸನ್ ಪಿಂಗ್‌ಬ್ಯಾಕ್ ಅಂತ ಒಂದು ಮಾಡಿದರು. ಅದು ತುಣುಕು ಗಿಣುಕು ಏನೂ ಹೊತ್ತು ತರುವುದಿಲ್ಲ. ಎರಡೇ ವಿಳಾಸ ಹೇಳುತ್ತದೆ. ಈ ಪುಟದಿಂದ ನಿನ್ನ ಈ ಪುಟಕ್ಕೆ ಕೊಂಡಿ ಇದೆ, ಬೇಕಾದರೆ ಹೋಗಿ ನೋಡಿಕೋ. ಇಲ್ಲಿ ಮುಯ್ಯಿ ಪುಸ್ತಕ ಬರೆಯುವವನು ತಾನೇ ಎದ್ದು ಹೋಗಿ, ಆ ಪುಟದಲ್ಲಿ ನಿಜವಾಗಿ ಕೊಂಡಿ ಇದೆಯಾ ಅಂತ ನೋಡಿ ಬಂದು ಆಮೇಲೆ ಹೆಸರು ಬರೆಯುತ್ತಾನೆ. ವಿಳಾಸ ಅಂಟಿಸುವ ಕೆಲಸವೂ ಇಲ್ಲ, ಕೊಂಡಿ ಹಾಕಿದರೆ ಮಿಕ್ಕದ್ದು ತಾನೇ ಆಗುತ್ತದೆ. ವರ್ಡ್‌ಪ್ರೆಸ್ ಇದನ್ನು ಮನೆಮನೆಗೆ ಮುಟ್ಟಿಸಿತು. ಒಂದು ತಮಾಷೆ ಎಂದರೆ ನಿಮ್ಮ ಹಳೇ ಬರಹಕ್ಕೆ ನೀವೇ ಕೊಂಡಿ ಹಾಕಿದರೂ ಅದು ಓಡಿ ಬಂದು, ನಿಮ್ಮನ್ನು ಯಾರೋ ನೆನೆಸಿಕೊಂಡರು ಅಂತ ನಿಮಗೇ ಹೇಳುತ್ತಿತ್ತು. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದಕ್ಕೂ ಒಂದು ರಸೀದಿ.

ನೋಡಿ ಬರುವ ಈ ಒಳ್ಳೆಯ ಗುಣವೇ ಮುಂದೆ ಮುಳುವಾಯಿತು. 2014ರ ಮಾರ್ಚ್‌ನಲ್ಲಿ ಸುಕುರಿ ಎಂಬ ಭದ್ರತಾ ಕಂಪನಿ ಒಂದು ದಾಳಿಯ ವಿವರ ಹೊರಹಾಕಿತು. ಯಾರೋ ಒಬ್ಬ ಒಂದು ಜಾಲತಾಣವನ್ನು ಕೆಡವಬೇಕು ಅಂದುಕೊಂಡ. ಆ ತಾಣದ ವಿಳಾಸ ಕೊಟ್ಟು, ಇಲ್ಲಿಂದ ನಿಮಗೆ ಕೊಂಡಿ ಇದೆ ಅಂತ ಊರಲ್ಲಿದ್ದ ವರ್ಡ್‌ಪ್ರೆಸ್ ಬ್ಲಾಗುಗಳಿಗೆಲ್ಲ ಸುಳ್ಳು ಪಿಂಗ್‌ಬ್ಯಾಕ್ ಕಳಿಸಿದ. ಪಾಪ, ಬ್ಲಾಗುಗಳು ನಂಬಿದವು. 1,62,000ಕ್ಕೂ ಹೆಚ್ಚು ಬ್ಲಾಗುಗಳು, ಮುಯ್ಯಿ ಕೊಟ್ಟಿರಾ ಸ್ವಾಮಿ ಅಂತ ವಿಚಾರಿಸಲು ಒಬ್ಬನದೇ ಮನೆ ಬಾಗಿಲಿಗೆ ಹೋದವು. ಬಾಗಿಲು ಮುರಿದು ಬಿತ್ತು. ಹೋದವರಲ್ಲಿ ಒಬ್ಬರೂ ಕಳ್ಳರಲ್ಲ. ಆಮೇಲೆ ಪಿಂಗ್‌ಬ್ಯಾಕ್ ಬಂದ್ ಮಾಡಿ ಅನ್ನುವುದು ಭದ್ರತೆಯವರ ಮಾಮೂಲಿ ಸಲಹೆಯಾಯಿತು.

ನಾನು 2010ರಲ್ಲೇ ಟ್ರ್ಯಾಕ್‌ಬ್ಯಾಕ್ ನಿಲ್ಲಿಸಿದ್ದೆ. ಒಂದು ಚೌಕದೊಳಗಿನ ಟಿಕ್ ಗುರುತು ತೆಗೆದರೆ ಮುಗಿಯಿತು. ಬೇಜಾರಾಗಲಿಲ್ಲ, ನಿಜ ಹೇಳಬೇಕೆಂದರೆ ನೆಮ್ಮದಿಯಾಯಿತು.

ನನಗೆ ಗೊತ್ತಿದ್ದ ಕನ್ನಡ ಬ್ಲಾಗಿಗರಲ್ಲಿ ಸುಮಾರು ಜನ ಗೂಗಲ್‌ನ ಬ್ಲಾಗರ್ ಸೇವೆಯಲ್ಲಿ, ಅಂದರೆ ಬ್ಲಾಗ್‌ಸ್ಪಾಟ್‌ನಲ್ಲಿದ್ದರು. ಅಲ್ಲಿ ಟ್ರ್ಯಾಕ್‌ಬ್ಯಾಕ್ ಇರಲೇ ಇಲ್ಲ. ಬೇಕು ಅಂದವರು ಹ್ಯಾಲೋಸ್ಕ್ಯಾನ್ ಅನ್ನುವ ಹೊರಗಿನ ಸೇವೆಯನ್ನು ಅಂಟಿಸಿಕೊಳ್ಳಬೇಕಿತ್ತು, ಅದೂ ಆಮೇಲೆ ಮುಚ್ಚಿತು. 2005ರಲ್ಲಿ ಬ್ಲಾಗರ್‌ನವರು ಬ್ಯಾಕ್‌ಲಿಂಕ್ ಅಂತ ಒಂದು ಕೊಟ್ಟರು. ಅದರಲ್ಲಿ ಸುದ್ದಿ ಹೇಳಲು ಯಾರೂ ಬರುತ್ತಿರಲಿಲ್ಲ, ಗೂಗಲ್ ತಾನೇ ಹುಡುಕಿ ಪಟ್ಟಿ ಮಾಡುತ್ತಿತ್ತು. ಹಾಗಾಗಿ ನಮ್ಮಲ್ಲಿ ಕೈಯಾರೆ ಟ್ರ್ಯಾಕ್‌ಬ್ಯಾಕ್ ಅಂತ ಒಂದು ಪದ್ಧತಿ ಬೆಳೆಯಿತು. ನಿಮ್ಮ ಬರಹ ಓದಿ ನಾನೂ ಒಂದು ಬರೆದಿದ್ದೇನೆ, ಬಿಡುವಾದಾಗ ಬನ್ನಿ ಅಂತ ಮೇಲ್ ಬರೆಯುವುದು. ಯಂತ್ರಕ್ಕಿಂತ ಅದೇ ಚೆನ್ನಾಗಿತ್ತು ಅನ್ನುವವರಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಮೇಲ್ ಬರೆದರೆ ಎದುರಿನವರು ಉತ್ತರ ಕೊಡಬೇಕಾಗುತ್ತದೆ. ಟ್ರ್ಯಾಕ್‌ಬ್ಯಾಕ್‌ಗೆ ಉತ್ತರ ಕೊಡಬೇಕಿರಲಿಲ್ಲ. ಸಂಕೋಚದ ಜನರಿಗೆ ಹೇಳಿ ಮಾಡಿಸಿದ್ದು ಅದು.

ಕೊಂಡಿಗಳೂ ಒಂದೊಂದಾಗಿ ಸತ್ತವು. 2012ರಲ್ಲಿ ಗೂಗಲ್ ದೇಶಕ್ಕೊಂದು ವಿಳಾಸ ಅಂತ ಮಾಡಿ, ಭಾರತದಲ್ಲಿ ಓದುವವರನ್ನು ಬ್ಲಾಗ್‌ಸ್ಪಾಟ್ ಡಾಟ್ ಇನ್‌ಗೆ ತಿರುಗಿಸತೊಡಗಿತು. ವಿಳಾಸ ಪಟ್ಟಿಯಲ್ಲಿ ಕಂಡದ್ದನ್ನೇ ನಕಲು ಮಾಡಿ ಕೊಂಡಿ ಹಾಕುವವರೆಲ್ಲ ಡಾಟ್ ಇನ್ ಅಂತಲೇ ಹಾಕಿದರು. 2020ರಲ್ಲಿ ಆ ಡಾಟ್ ಇನ್ ಹೆಸರನ್ನು ನವೀಕರಿಸದೆ ಅದು ಬೇರೆಯವರ ಪಾಲಾಯಿತು. ಬ್ಲಾಗುಗಳು ಇದ್ದಲ್ಲೇ ಇದ್ದವು, ಅವಕ್ಕೆ ಹೋಗುವ ಲಕ್ಷಗಟ್ಟಲೆ ದಾರಿಗಳು ಮಾತ್ರ ಕುಸಿದವು. ಟ್ರ್ಯಾಕ್‌ಬ್ಯಾಕ್ ಹುಟ್ಟಿಸಿದ ಟ್ರಾಟ್ ದಂಪತಿಯ ಇನ್ನೊಂದು ಸೇವೆ ಟೈಪ್‌ಪ್ಯಾಡ್ ಕೂಡ ಕೈಯಿಂದ ಕೈಗೆ ಹೋಗಿ, 2025ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು.

ಹಾಗಂತ ಆಸೆ ಸತ್ತಿಲ್ಲ. ಸಂದೀಪ್ ಶೆಟ್ಟಿ ಅನ್ನುವವರು ಹೊಸದಾಗಿ ವೆಬ್‌ಮೆನ್ಶನ್ ಅನ್ನುವುದರ ಮೊದಲ ಕರಡು ಬರೆದರು. ತಮ್ಮ ಬರಹ ತಮ್ಮ ತಾಣದಲ್ಲೇ ಇರಬೇಕು ಅನ್ನುವ ಹಟದ ಜನ ಅದನ್ನು ಬೆಳೆಸಿದರು. ಏರನ್ ಪರೆಕಿ ಸಂಪಾದಿಸಿದ ಆವೃತ್ತಿ 2017ರ ಜನವರಿ 12ರಂದು ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸು ಎನ್ನಿಸಿಕೊಂಡಿತು. ಪಿಂಗ್‌ಬ್ಯಾಕ್‌ನದೇ ಉಪಾಯ, ಇನ್ನಷ್ಟು ಹಗುರ. ಬಳಸುವವರು ಕಮ್ಮಿ. ಕಮ್ಮಿ ಇರುವುದರಿಂದಲೇ ಇನ್ನೂ ಗುಳಿಗೆ ಮಾರುವವರ ಕಣ್ಣಿಗೆ ಬಿದ್ದಿಲ್ಲ ಅಂತ ನನ್ನ ಅನುಮಾನ.

ಈಗ ಟ್ಯಾಗ್ ಇದೆಯಲ್ಲ ಅಂತ ಮಗಳು ಕೇಳುತ್ತಾಳೆ. ಇದೆ. ಆದರೆ ಟ್ಯಾಗ್ ಮಾಡುವವರು ಬಹಳ ಸಲ ಬರೆಯುವ ಮೊದಲೇ ನನ್ನ ತೋಳು ಹಿಡಿದು ಜಗ್ಗುತ್ತಾರೆ. 'ಇದಕ್ಕೆ ನೀವೇನಂತೀರಿ?' ಅಂತ. ನಾನು ಅಲ್ಲೇ, ಆಗಲೇ, ಎಲ್ಲರೆದುರು ಏನಾದರೂ ಹೇಳಬೇಕು. ಗದಗಿನವರು ನನ್ನನ್ನು ಏನೂ ಕೇಳಿರಲಿಲ್ಲ. ಅವರಿಗೆ ಹೇಳಬೇಕಾದದ್ದನ್ನು ಹೇಳಿ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು, ಬರೆದಿದ್ದೀನಿ ಅಂತ ಹೇಳಿ ಹೋದ ಹಾಗಿತ್ತು ಅದು.

ಕಳೆದ ತಿಂಗಳು ಆ ಹಳೇ ಬ್ಲಾಗಿನ ಬ್ಯಾಕಪ್ ಫೈಲ್ ಸಿಕ್ಕಿತು. ಗೆಳೆಯನ ಸರ್ವರ್ ಇಲ್ಲವಾಗಿ ಎಷ್ಟೋ ವರ್ಷ ಆಗಿದೆ, ಒಂದು ಸಿಡಿಯಲ್ಲಿ ಬರೆದಿಟ್ಟಿದ್ದೆ. ಮೊರದ ಬರಹ ತೆಗೆದೆ. ಓದಿದರೆ ಮುಜುಗರವಾಯಿತು, ವಿಶೇಷಣ ಜಾಸ್ತಿ. ಕೆಳಗೆ ಟ್ರ್ಯಾಕ್‌ಬ್ಯಾಕ್‌ಗಳು ಹಾಗೇ ಇದ್ದವು. ತಡ್ಪೆಯವರ ಬ್ಲಾಗ್ ತೆರೆಯುತ್ತದೆ, 2011ರ ನಂತರ ಏನೂ ಬರೆದಿಲ್ಲ. ಶಿರಸಿಯವರ ವಿಳಾಸದಲ್ಲಿ ಈಗ ಯಾರೋ ಬೂಟು ಮಾರುತ್ತಿದ್ದಾರೆ. ಬಾಗಿನದವರದ್ದು ಹಳೇ ಡಾಟ್ ಕಾಂ ವಿಳಾಸ, ಹೊಡೆದರೆ ಬಂತು.

ಗದಗಿನವರ ಬ್ಲಾಗನ್ನು ತೆಗೆದುಹಾಕಲಾಗಿದೆ. ಹಳೇ ಪುಟಗಳನ್ನು ಕಾಪಾಡಿಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿದೆ. ಅಲ್ಲೂ ಇಲ್ಲ. ಆ ಬ್ಲಾಗಿನಲ್ಲಿ ಅವರು ಬರೆದಿದ್ದರಲ್ಲಿ ನನ್ನ ಹತ್ತಿರ ಉಳಿದಿರುವುದು ಅವತ್ತು ನನ್ನ ಬ್ಲಾಗಿಗೆ ಮುಟ್ಟಿದ ತುಣುಕು ಮಾತ್ರ. 252 ಬೈಟ್. ಮೆಂತ್ಯದ ವಾಸನೆ ಅಂತ ಏನೋ ಇತ್ತು ಅನ್ನುವ ನೆನಪು ಬಿಟ್ಟರೆ ಪೂರ್ತಿ ಬರಹ ನನಗೆ ಮರೆತುಹೋಗಿದೆ. ತುಣುಕು ಹೀಗಿದೆ:

"ನಮ್ಮ ಕಡೆ ಮೊರಕ್ಕೆ ಮರ ಅಂತಾರೆ. ಅವ್ವ ಹಳೇ ಪೇಪರು ನೆನೆಸಿ ಮೆಂತ್ಯದ ಜೋಡಿ ರುಬ್ಬಿ ಮರಕ್ಕ ಬಳಿಯುವಾಗ ಒಂದು ಮಾತು"

ಆಮೇಲೆ ಒಂದು ಕಪ್ಪು ವಜ್ರ, ಅದರೊಳಗೆ ಪ್ರಶ್ನೆ ಗುರುತು, ಮೂರು ಚುಕ್ಕಿ.